ಮಾರುತಿ 800: ಸ್ಪಾರ್ಕ್ ಪ್ಲಗ್ ಥ್ರೆಡ್ ಕಿತ್ತು ಬಂದಿದೆ, ಹೆಡ್ ಇಳಿಸದೆ ಮನೆಯಲ್ಲೇ ಸರಿಮಾಡಬಹುದಾ?

ಶೆಡ್ಡಲ್ಲಿ 800
ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ 800. ಎರಡನೇ ಸಿಲಿಂಡರ್‌ನ ಪ್ಲಗ್ ಬಿಚ್ಚಿದಾಗ ಅದರ ಥ್ರೆಡ್ ಸಂದಿಯಲ್ಲಿ ಅಲ್ಯೂಮಿನಿಯಂ ತಂತಿ ಸುತ್ತಿಕೊಂಡು ಬಂದಿದೆ, ಸುಮಾರು ಮೂರು ಸುತ್ತು. ಹೊಸ ಪ್ಲಗ್ ಕೈಯಲ್ಲಿ ಸಲೀಸಾಗಿ ಇಳಿಯುತ್ತೆ, ವಾಷರ್ ತಾಗಿ ಇನ್ನೇನು ಟೈಟ್ ಆಗಬೇಕು ಅನ್ನೋ ಹೊತ್ತಿಗೆ ಜಾರಿ ಸುಮ್ಮನೆ ತಿರುಗುತ್ತೆ. ಇದರ ಜೊತೆಗೆ ಹೆಡ್‌ನ (ಸಿಲಿಂಡರ್‌ಗಳನ್ನು ಮುಚ್ಚುವ ಮೇಲ್ಭಾಗ) ಪಕ್ಕಕ್ಕೆ ಬ್ರಾಕೆಟ್ ಹಿಡಿಯುವ ಒಂದು 8 ಮಿ.ಮೀ. ಬೋಲ್ಟ್ ಕೂಡ ಸ್ಲಿಪ್ ಆಗಿದೆ. ಅದು ಆಚೆ ಕಡೆ ತೆರೆದಿಲ್ಲದ ಕುರುಡು ತೂತು.

ಕೇಳಬೇಕಾದ್ದು ಮೂರು. ಹೆಡ್ ಇಳಿಸಲೇಬೇಕಾ? ಥ್ರೆಡ್ ಜಾಗಕ್ಕೆ ಹೆಲಿಕಾಯಿಲ್ (ತಂತಿ ಸುರುಳಿ) ಹಾಕೋದಾ, ಗಟ್ಟಿ ಬುಷ್ ಹಾಕೋದಾ? ಟ್ಯಾಪ್ (ಥ್ರೆಡ್ ಕತ್ತರಿಸುವ ಟೂಲ್) ಹೊಡೆಯುವಾಗ ಬೀಳೋ ಚೂರು ಸಿಲಿಂಡರ್ ಒಳಗೆ ಹೋದರೆ ಏನು ಗತಿ? ಡ್ರಿಲ್, ಟ್ಯಾಪ್ ಹ್ಯಾಂಡಲ್, ವರ್ನಿಯರ್, ಟಾರ್ಕ್ ರೆಂಚ್ ಎಲ್ಲ ಇದೆ.

ಲೇತ್ ಪಕ್ಕದವ
ಮೊದಲು ಅಳತೆ. ಹಳೇ ಪ್ಲಗ್ಗನ್ನೇ ವರ್ನಿಯರ್‌ನಲ್ಲಿ ಹಿಡೀರಿ. ಥ್ರೆಡ್‌ನ ಹೊರ ವ್ಯಾಸ 14 ಮಿ.ಮೀ., ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ) 1.25 ಬರಬೇಕು. ಪಿಚ್ ಗೇಜ್ ಇಲ್ಲದಿದ್ದರೆ ಹತ್ತು ಸುತ್ತಿನ ಉದ್ದ ಅಳೀರಿ, 12.5 ಬಂದರೆ 1.25. ಆಮೇಲೆ ವಾಷರ್ ಕೂರೋ ಜಾಗದಿಂದ ಥ್ರೆಡ್‌ನ ತುದಿವರೆಗೆ ಎಷ್ಟಿದೆ ನೋಡಿ. ಅದೇ ರೀಚ್. 19 ಮಿ.ಮೀ. ಇರಬೇಕಾದ ಕಡೆ ಯಾರೋ 12.7ರ ಪ್ಲಗ್ ಹಾಕಿದ್ದರೆ ಹೆಡ್‌ನ ಕೆಳಗಿನ ಥ್ರೆಡ್‌ಗಳಲ್ಲಿ ಕಾರ್ಬನ್ ಕೂತು ಕಲ್ಲಾಗಿರುತ್ತೆ. ಮುಂದೆ ಸರಿಯಾದ ಉದ್ದದ ಪ್ಲಗ್ ಹಾಕಿದಾಗ ಆ ಕಾರ್ಬನ್ನೇ ಥ್ರೆಡ್ ಹರೀತದೆ.

ಅಳತೆ ಸಿಗೋವರೆಗೆ ಕಿಟ್ ತಗೋಬೇಡಿ.

ಹುಬ್ಳಿ ಗೇರ್‌ಬಾಕ್ಸ್
ಹೆಡ್ ಇಳಿಸಿ ಮಾಡೂದ ಛಲೋ ನೋಡ್ರಿ. ಮಷೀನ್ ಮ್ಯಾಲೆ ಕಟ್ಟಿ ಡ್ರಿಲ್ ಹೊಡದ್ರ ತೂತು ನೆಟ್ಟಗ ಬರ್ತೈತಿ, ಚೂರು ಬೀಳೂ ಚಿಂತಿನ ಇಲ್ಲ. ಗಾಡಿ ಮ್ಯಾಲೆ ಇಟ್ಕೊಂಡು ಕೈಲೆ ಟ್ಯಾಪ್ ಹೊಡದ್ರ ಒಂದು ಡಿಗ್ರಿ ಓರಿ ಆದ್ರೂ ಪ್ಲಗ್ ವಾಷರ್ ಒಂದ ಕಡೆ ಕುಂದರ್ತೈತಿ. ಕಂಪ್ರೆಷನ್ ಲೀಕ್ ಆಗೂದು ಅಲ್ಲಿಂದನ.

ಶೆಡ್ಡಲ್ಲಿ 800
ಅಳತೆ: 14, ಪಿಚ್ 1.25, ರೀಚ್ 19. ಬ್ರಾಕೆಟ್ ಬೋಲ್ಟ್ ಎಂ8, ಪಿಚ್ 1.25.

ಬ್ಯಾಟೆ ಮಾಡೋರು
@ಹುಬ್ಳಿ ಗೇರ್‌ಬಾಕ್ಸ್, ಹೆಡ್ ಇಳಿಸೋದು ಅಂದರೆ ಏನೇನು ಅಂತಲೂ ಹೇಳಿ. ಕೂಲೆಂಟ್ ತೆಗೀಬೇಕು, ಟೈಮಿಂಗ್ ಬೆಲ್ಟ್ ಬಿಚ್ಚಬೇಕು, ಎರಡೂ ಮ್ಯಾನಿಫೋಲ್ಡ್ ಸಡಿಲ ಮಾಡಬೇಕು, ಹೊಸ ಹೆಡ್ ಗ್ಯಾಸ್ಕೆಟ್ ಬೇಕು, ಹೆಡ್ ಸೊಟ್ಟ ಆಗಿದೆಯಾ ಅಂತ ನೇರ ಪಟ್ಟಿ ಇಟ್ಟು ನೋಡಬೇಕು, ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಗೆ ಹಂತಹಂತವಾಗಿ ಟೈಟ್ ಮಾಡಬೇಕು. ಹಳೇ ಎಗ್ಸಾಸ್ಟ್ ಸ್ಟಡ್ ಒಂದು ಮುರಿದರೆ ಮತ್ತೊಂದು ಕೆಲಸ. ಒಂದು ಪ್ಲಗ್ ತೂತಿಗೋಸ್ಕರ ಹತ್ತು ಹೊಸ ಕಡೆ ಕೈ ಹಾಕಿದ ಹಾಗಾಗುತ್ತೆ. 800ರಲ್ಲಿ ಪ್ಲಗ್ ಕೈಗೆ ಸಿಗೋ ಜಾಗದಲ್ಲಿದೆ, ಗಾಡಿ ಮೇಲೇ ಆಗುತ್ತೆ. ಆಳದ ಬಾವಿಯೊಳಗೆ ಪ್ಲಗ್ ಕೂರಿಸಿರೋ ಎಂಜಿನ್ ಆಗಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ.

ಹುಬ್ಳಿ ಗೇರ್‌ಬಾಕ್ಸ್
ಹೆಡ್ ಬ್ಯಾರೆ ಕಾರಣಕ್ಕ ಇಳಿಯೂದಿದ್ರ ಅವಾಗ ಮಾಡ್ರಿ ಅಂತ ಇಟ್ಕೋರಿ. ಆದ್ರ ಪ್ಲಗ್ ತೂತಿನ ಸುತ್ತ ಸೀಳು ಬಿಟ್ಟಿದ್ರ ಗಾಡಿ ಮ್ಯಾಲೆ ಮುಟ್ಟಬ್ಯಾಡ್ರಿ. ಮೊದಲ ಟಾರ್ಚ್ ಹಾಕಿ ನೋಡ್ರಿ, ಬ್ರೇಕ್ ಕ್ಲೀನರ್ ಹೊಡದು ಒರಸಿ ನೋಡ್ರಿ. ಸೀಳಿನಾಗ ಒದ್ದಿ ಉಳದು ಗೆರಿ ಕಾಣ್ತೈತಿ.

ಬ್ಯಾಟೆ ಮಾಡೋರು
ಇದು ಸರಿಯಾದ ಮಾತು. ಸೀಳಿದ್ದರೆ ಹೆಡ್ ಇಳಿಯಲೇಬೇಕು.

ಪಿಚ್ ಗೇಜ್
ಹೆಲಿಕಾಯಿಲ್‌ಗೆ ಹಾರುವ ಮೊದಲು ಒಂದು ಮಾತು, ಮುಂದೆ ಓದೋರಿಗೂ ಬೇಕಾಗುತ್ತೆ. ಥ್ರೆಡ್ ಕೆಡೋದು ಮೂರು ಥರ, ಮೂರಕ್ಕೂ ಔಷಧ ಬೇರೆ.

ಬರೀ ಕೊಳೆ, ತುಕ್ಕು, ಹಳೇ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲ ಆಗದಂತೆ ಹಚ್ಚುವ ಅಂಟು) ಕೂತಿದ್ದರೆ ಚೇಸರ್ ಸಾಕು, ಅದು ಥ್ರೆಡ್ ಸ್ವಚ್ಛ ಮಾಡುವ ಟೂಲ್. ಕತ್ತರಿಸುವ ಟ್ಯಾಪ್ ಬೇಡ. ಟ್ಯಾಪ್ ಪ್ರತಿ ಸಲ ಒಂದಿಷ್ಟು ಲೋಹ ಕೆರೆದು ಥ್ರೆಡ್ ಸಡಿಲ ಮಾಡುತ್ತೆ. ಚೇಸರ್ ಇಲ್ಲದಿದ್ದರೆ ಅದೇ ಅಳತೆಯ ಒಳ್ಳೇ 8.8 (ಗಟ್ಟಿತನದ ದರ್ಜೆ) ಬೋಲ್ಟ್‌ಗೆ ಹ್ಯಾಕ್ಸಾದಲ್ಲಿ ಉದ್ದಕ್ಕೂ ಮೂರು ಕಾಲುವೆ ಕೊಯ್ದು, ಅಂಚಿನ ಮುಳ್ಳು ಅರದಿಂದ ತೆಗೆದು, ಎಣ್ಣೆ ಹಾಕಿ ಓಡಿಸಿ. ಕೊಳೆ ಆ ಕಾಲುವೆಯಲ್ಲಿ ತುಂಬಿಕೊಂಡು ಬರುತ್ತೆ.

ಬಾಯಿಯ ಒಂದೆರಡು ಸುತ್ತು ಮಾತ್ರ ಅಡ್ಡ ಹತ್ತಿ ಕೆಟ್ಟು, ಕೆಳಗೆ ಚೆನ್ನಾಗಿದ್ದರೆ ಬ್ಯಾಕ್ ಟ್ಯಾಪ್ ಅಂತ ಸಿಗುತ್ತೆ. ಮಡಚಿ ಒಳಗೆ ಇಳಿಸಿ, ಒಳಗೆ ಅರಳಿಸಿ, ಒಳ್ಳೇ ಥ್ರೆಡ್ ಹಿಡಿದುಕೊಂಡು ಹೊರಗಡೆಗೆ ತಿರುಗಿಸಿಕೊಂಡು ಬರೋದು. ಪ್ಲಗ್ ತೂತಿಗೆ ಅಂತಲೇ 14 ಮಿ.ಮೀ. ಬರುತ್ತೆ. ಹೊಸ ಲೋಹ ಕತ್ತರಿಸೋದು ಬಹಳ ಕಡಿಮೆ.

ಥ್ರೆಡ್ಡೇ ಕಿತ್ತು ಬಂದಿದ್ದರೆ ಇನ್ಸರ್ಟ್, ಅಂದರೆ ಹೆಲಿಕಾಯಿಲ್ ಇಲ್ಲವೇ ಬುಷ್. ಇಲ್ಲಿ ಆಗಿರೋದು ಇದೇ.

ತೀರದ ಕಾರ್ಬು
ಎಂ-ಸೀಲ್ ತುಂಬಿ ಅದರಲ್ಲಿ ಪ್ಲಗ್ ಕೂರಿಸುವವರು ಇದ್ದಾರೆ ಮಾರಾಯ್ರೆ. ಅದು ಹಿಡಿಯುವುದಿಲ್ಲ. ಪ್ಲಗ್‌ನ ಹಿಂದೆ ಸಿಲಿಂಡರ್‌ನ ಉರಿ, ಒತ್ತಡ ಎರಡೂ ಉಂಟು, ಎಪಾಕ್ಸಿ ಮೆತ್ತಗಾಗಿ ಪ್ಲಗ್ ಬಾನೆಟ್‌ಗೆ ಹಾರಿ ಬಡಿಯುತ್ತದೆ. ಭಾರ ಇಲ್ಲದ, ಬಿಸಿ ಇಲ್ಲದ ಕಡೆ ಲೀಕ್ ನಿಲ್ಲಿಸಲಿಕ್ಕೆ ಎಂ-ಸೀಲ್ ಸರಿ. ಬೋಲ್ಟ್ ಎಳೆಯುವ ಜಾಗದಲ್ಲಿ ಬೇಡವೇ ಬೇಡ.

ಪಿಚ್ ಗೇಜ್
ಹಳೇ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಕೂರಿಸೋದೂ ಇದೇ ಸಾಲಿಗೆ ಸೇರುತ್ತೆ. ಪ್ಲಗ್‌ನ ಅರ್ತ್ ಹೋಗೋದೇ ಥ್ರೆಡ್ ಮತ್ತು ವಾಷರ್ ಮೂಲಕ.

ಕಾಯಿಲ್ ಕಟ್ಟಪ್ಪ
ಹೆಲಿಕಾಯಿಲ್ ಅಂದರೆ ಸ್ಟೇನ್‌ಲೆಸ್ ತಂತಿಯ ಸುರುಳಿ. ತಂತಿಯ ಅಡ್ಡಕೊಯ್ತ ವಜ್ರದಾಕಾರ, ಹಾಗಾಗಿ ಹೊರಗೂ ಥ್ರೆಡ್, ಒಳಗೂ ಥ್ರೆಡ್. ಬಿಡಿ ಇದ್ದಾಗ ತೂತಿಗಿಂತ ದಪ್ಪ ಇರುತ್ತೆ, ತಿರುಗಿಸಿ ಇಳಿಸಿದಾಗ ಕುಗ್ಗಿ, ಬಿಟ್ಟಾಗ ಅರಳಿ ಗೋಡೆ ಹಿಡಿಯುತ್ತೆ. ಒಳಗೆ ಬರೋದು ಮೊದಲಿನ ಅಳತೆಯೇ, ಅಂದರೆ ಎಂ8ಕ್ಕೆ ಅದೇ ಎಂ8 ಬೋಲ್ಟ್.

ಇದಕ್ಕೆ ಬೇಕಾದ ಟ್ಯಾಪ್ ಬೇರೆ, ಎಸ್‌ಟಿಐ ಟ್ಯಾಪ್ ಅಂತ ಕೇಳಿ. ಪಿಚ್ ಅದೇ, ವ್ಯಾಸ ದೊಡ್ಡದು. ಅಳತೆ ಹೀಗೆ:

ಎಂ6 × 1.0: ಡ್ರಿಲ್ 6.3, ಟ್ಯಾಪ್‌ನ ಹೊರ ವ್ಯಾಸ ಸುಮಾರು 7.3
ಎಂ8 × 1.25: ಡ್ರಿಲ್ 8.3, ಟ್ಯಾಪ್ ಸುಮಾರು 9.6
ಎಂ10 × 1.5: ಡ್ರಿಲ್ 10.4, ಟ್ಯಾಪ್ ಸುಮಾರು 11.95
ಪ್ಲಗ್ 14 × 1.25: ಟ್ಯಾಪ್ ಸುಮಾರು 15.6

ಕಿಟ್ ಜೊತೆ ಡ್ರಿಲ್ ಬಂದಿದ್ದರೆ ಅದನ್ನೇ ಬಳಸಿ. ಎಂ8ಕ್ಕೆ 8.5ರ ಡ್ರಿಲ್ ಹಾಕಿದರೆ ಸುರುಳಿ ಹಿಡಿಯೋಕೆ ಥ್ರೆಡ್‌ನ ಎತ್ತರ ಸಾಕಷ್ಟು ಉಳಿಯೋಲ್ಲ.

ಬ್ರಾಕೆಟ್ ಬೋಲ್ಟ್‌ಗೆ ಇದು ಕಣ್ಣು ಮುಚ್ಚಿ ಹಾಕಬಹುದು. ಅಲ್ಯೂಮಿನಿಯಂನಲ್ಲಿ ಹೊಸ ಥ್ರೆಡ್‌ಗಿಂತಲೂ ಗಟ್ಟಿ ನಿಲ್ಲುತ್ತೆ, ಯಾಕೆಂದರೆ ಮೆತ್ತಗಿನ ಲೋಹದಲ್ಲಿ ಹಿಡಿತದ ವ್ಯಾಸ 8ರ ಬದಲು 9.6 ಆಯ್ತು. ಉದ್ದ ಮಾತ್ರ ಬೋಲ್ಟ್ ವ್ಯಾಸದ ಒಂದೂವರೆ ಪಟ್ಟು ತಗೊಳ್ಳಿ, ಅಂದರೆ 12 ಮಿ.ಮೀ.; ತೂತು ಇನ್ನೂ ಆಳ ಇದ್ದರೆ ಎರಡು ಪಟ್ಟು.

ರಸ್ತೆ ಉಪ್ಪು
ಅಮೆರಿಕದಲ್ಲಿ ಪ್ಲಗ್ ತೂತಿಗೆ ಟೈಮ್‌ಸರ್ಟ್ ಅನ್ನೋದನ್ನ ಹೆಚ್ಚು ನಂಬುತ್ತಾರೆ. ಅದು ತಂತಿ ಅಲ್ಲ, ಗಟ್ಟಿ ಬುಷ್. ಮೇಲೆ ಸಣ್ಣ ಕಾಲರ್ ಇರುತ್ತೆ. ಕೊನೆಯ ಕೆಲವು ಒಳ ಥ್ರೆಡ್ ಪೂರ್ತಿ ಆಗಿರೋಲ್ಲ. ಕೂರಿಸುವ ಟೂಲ್ ಅಲ್ಲಿಗೆ ಇಳಿದಾಗ ಬಿಗಿಯಾಗಿ ಆ ಥ್ರೆಡ್‌ಗಳನ್ನು ಹೊರಕ್ಕೆ ಒತ್ತುತ್ತೆ, ಬುಷ್‌ನ ಕೆಳಭಾಗ ಹೆಡ್‌ನ ಲೋಹದಲ್ಲಿ ಹೂತು ಲಾಕ್ ಆಗುತ್ತೆ. ಮುಂದೆ ಪ್ಲಗ್ ಬಿಚ್ಚಿದರೆ ಬುಷ್ ಜೊತೆಗೆ ಬರೋಲ್ಲ.

ಹೆಲಿಕಾಯಿಲ್‌ನ ದೊಡ್ಡ ದೂರು ಅದೇ. ಪ್ಲಗ್‌ನ ತುದಿಗೆ ಕಾರ್ಬನ್ ಕೂತರೆ ಬಿಚ್ಚುವಾಗ ಸುರುಳಿಯನ್ನೂ ಸುತ್ತಿಕೊಂಡು ಎಳೆದುಬಿಡುತ್ತೆ.

ಕಾಯಿಲ್ ಕಟ್ಟಪ್ಪ
ಪ್ಲಗ್‌ಗೆ ಹೆಲಿಕಾಯಿಲ್ ಆಗೋದೇ ಇಲ್ಲ ಅನ್ನೋದು ತಪ್ಪು. ಪ್ಲಗ್‌ಗೆ ಅಂತಲೇ 14 × 1.25 ಕಿಟ್ ಮಾಡ್ತಾರೆ. ಸುರುಳಿ ಎದ್ದು ಬರೋದು ಎರಡು ಕಾರಣಕ್ಕೆ. ಒಂದು, ತೂತು ದೊಡ್ಡದಾಗಿರುತ್ತೆ. ಎರಡು, ಸುರುಳಿ ಚಿಕ್ಕದಾಗಿದ್ದು ಪ್ಲಗ್‌ನ ಕೆಳಗಿನ ಥ್ರೆಡ್ ಬರೀ ಅಲ್ಯೂಮಿನಿಯಂ ಮುಂದೆ ಖಾಲಿ ನಿಂತು ಕಾರ್ಬನ್ ಹಿಡಿದಿರುತ್ತೆ. 19 ರೀಚ್‌ಗೆ 16.4 ಉದ್ದದ್ದು ಹಾಕಿ, 8.4 ಅಲ್ಲ.

ರಸ್ತೆ ಉಪ್ಪು
ಹಾಗಂತ ಉದ್ದ ಜಾಸ್ತಿಯಾಗಿ ಕಂಬಶ್ಚನ್ ಚೇಂಬರ್ ಒಳಗೆ ಒಂದು ಸುತ್ತು ಚಾಚಿಕೊಂಡರೆ ಅದಕ್ಕಿಂತ ಕೇಡು. ಆ ತಂತಿಯ ತುದಿ ಕೆಂಡದ ಹಾಗೆ ಕಾದು ಕಿಡಿ ಬರೋ ಮೊದಲೇ ಪೆಟ್ರೋಲ್ ಹೊತ್ತಿಸುತ್ತೆ. ಕೂರಿಸಿದ ಮೇಲೆ ಬೋರ್‌ಸ್ಕೋಪ್ (ನಳಿಗೆಯ ಕ್ಯಾಮೆರಾ) ಇಳಿಸಿ ನೋಡಲೇಬೇಕು.

ಶೆಡ್ಡಲ್ಲಿ 800
ಗಟ್ಟಿ ಬುಷ್ ಇಲ್ಲಿ ಸಿಗುತ್ತಾ? ಚೂರಿನ ಪ್ರಶ್ನೆಗೂ ಯಾರಾದರೂ ಹೇಳಿ.

ಲೇತ್ ಪಕ್ಕದವ
ಬೆಂಗಳೂರಿನಲ್ಲಾದರೆ ಎಸ್‌ಪಿ ರೋಡ್ ಕಡೆ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಬಿಡಿ ಭಾಗಕ್ಕೆ ಜೆಸಿ ರೋಡ್. ಬೇರೆ ಊರಾದರೆ ಆನ್‌ಲೈನ್. ಇಲ್ಲವೇ ಲೇತ್‌ನವರ ಹತ್ತಿರ ಬುಷ್ ಮಾಡಿಸಿ: ಒಳಗೆ 14 × 1.25, ಹೊರಗೆ 18 × 1.5, ಮೇಲೆ ಸಣ್ಣ ಕಾಲರ್. ಮೈಲ್ಡ್ ಸ್ಟೀಲ್ ಸಾಕು. ಹೀಗೆ ಮಾಡಿಸಿದರೆ ಗೋಡೆ ದಪ್ಪ ಸಿಗುತ್ತೆ, ಆದರೆ ಹೆಡ್‌ನಲ್ಲಿ ತೂತು 18ಕ್ಕೆ ಹೋಗುತ್ತೆ. ವಾಲ್ವ್ ಸೀಟ್‌ಗೂ ಪ್ಲಗ್ ತೂತಿಗೂ ನಡುವೆ ಎಷ್ಟು ಲೋಹ ಉಳಿಯುತ್ತೆ ಅಂತ ಕೆಳಗಿನಿಂದ ನೋಡದೆ ಈ ಕೆಲಸಕ್ಕೆ ಇಳಿಯಬಾರದು. ಅಂದರೆ ಹೆಡ್ ಇಳಿದಿರಬೇಕು. ಗಾಡಿ ಮೇಲೇ ಮಾಡೋದಾದರೆ ತೆಳು ಗೋಡೆಯ ರೆಡಿ ಬುಷ್, ಇಲ್ಲ ಹೆಲಿಕಾಯಿಲ್.

ಕಾಲರ್ ಇರುವ ಬುಷ್‌ಗೆ ಇನ್ನೊಂದು ಲೆಕ್ಕ. ಕಾಲರ್ ಪೂರ್ತಿ ಹೆಡ್‌ನೊಳಗೆ ಮುಳುಗಬೇಕು. ಮೇಲೆ ಒಂದು ಮಿ.ಮೀ. ಎದ್ದು ನಿಂತರೂ ಪ್ಲಗ್ ಅಷ್ಟು ಮೇಲೆ ಕೂರುತ್ತೆ, ಕೆಳಗೆ ಒಂದು ಸುತ್ತು ಖಾಲಿ ಬಿದ್ದು ಕಾರ್ಬನ್ ಹಿಡಿಯುತ್ತೆ. ಅದಕ್ಕೇ ಕಿಟ್‌ನಲ್ಲಿ ಸೀಟ್ ಕಟರ್ ಕೊಟ್ಟಿರ್ತಾರೆ.

ಬ್ಯಾಟೆ ಮಾಡೋರು
ಚೂರಿನ ವಿಷಯ. ಪಿಸ್ಟನ್ನನ್ನು ಪೂರ್ತಿ ಮೇಲೆ ತಂದು ನಿಲ್ಲಿಸಿ, ಚೂರು ಪಿಸ್ಟನ್ ತಲೆ ಮೇಲೇ ಬೀಳುತ್ತೆ, ಸಣ್ಣ ನಳಿಗೆ ಕಟ್ಟಿದ ವ್ಯಾಕ್ಯೂಮ್‌ನಲ್ಲಿ ಎಳೆದರೆ ಮುಗೀತು.

ಪಿಚ್ ಗೇಜ್
ಬೇಡ. ಪಿಸ್ಟನ್ ಮೇಲಿದ್ದರೆ ಟ್ಯಾಪ್‌ನ ಮೂತಿ ಪಿಸ್ಟನ್‌ಗೆ ಬಡಿಯುತ್ತೆ. ಪ್ಲಗ್ ಟ್ಯಾಪ್‌ಗಳ ಮುಂಭಾಗ ಉದ್ದ ಇರುತ್ತೆ, ಪೂರ್ತಿ ಥ್ರೆಡ್ ಬೀಳಬೇಕಾದರೆ ತೂತಿನಿಂದ ಆಚೆ ಸಾಕಷ್ಟು ಇಳಿಯಲೇಬೇಕು.

ತೀರದ ಕಾರ್ಬು
ಎಗ್ಸಾಸ್ಟ್ ವಾಲ್ವ್ ತೆರೆದಿರುವ ಹಾಗೆ ನಿಲ್ಲಿಸಿ ಪ್ಲಗ್ ತೂತಿನಿಂದ ಗಾಳಿ ಹೊಡೆದರೆ ಚೂರೆಲ್ಲ ಸೈಲೆನ್ಸರ್ ಕಡೆ ಹೋಗುತ್ತದೆ ಅಂತ ಕೆಲವರು ಹೇಳುವುದುಂಟು.

ಪಿಚ್ ಗೇಜ್
ಗ್ರೀಸ್ ಹತ್ತಿದ ಚೂರು ವಾಲ್ವ್ ಸೀಟ್‌ಗೆ ಅಂಟಿ ಕೂತರೆ? ಆ ಸಿಲಿಂಡರ್ ಕಂಪ್ರೆಷನ್ ಹಿಡಿಯೋಲ್ಲ, ವಾಲ್ವ್ ಅಂಚು ಸುಡುತ್ತೆ. ಎರಡೂ ವಾಲ್ವ್ ಮುಚ್ಚಿರಬೇಕು, ಪಿಸ್ಟನ್ನೂ ಕೆಳಗಿರಬೇಕು. ಎರಡೂ ಒಟ್ಟಿಗೆ ಸಿಗೋದು ಕಂಪ್ರೆಷನ್ ಸ್ಟ್ರೋಕ್‌ನ ನಡುವೆ. ಗೇರ್ ನ್ಯೂಟ್ರಲ್, ಮೂರೂ ಪ್ಲಗ್ ಹೊರಗೆ, ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಪಾನಾ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನಕ್ಕೆ ತಿರುಗಿಸಿ. ಎರಡನೇ ಸಿಲಿಂಡರ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದಿರಿ. ಗಾಳಿ ಬೆರಳನ್ನು ತಳ್ಳೋಕೆ ಶುರು ಮಾಡಿದ ಮೇಲೆ ಇನ್ನು ಸ್ವಲ್ಪ ತಿರುಗಿಸಿ, ಅರ್ಧ ದಾರಿಯಲ್ಲಿ ನಿಲ್ಲಿಸಿ. ಈ 796 ಸಿಸಿ ಎಂಜಿನ್ನಿನ ಸ್ಟ್ರೋಕ್ 72 ಮಿ.ಮೀ., ಅರ್ಧದಲ್ಲಿ ನಿಂತರೆ ಪಿಸ್ಟನ್ ಮೇಲ್ತುದಿಯಿಂದ ಸುಮಾರು 36 ಮಿ.ಮೀ. ಕೆಳಗೆ. ಟ್ಯಾಪ್‌ಗೆ ಧಾರಾಳ ಜಾಗ. ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ ಸ್ಟ್ರಾ ಇಳಿಸಿ ಆಳ ಖಾತ್ರಿ ಮಾಡಿಕೊಳ್ಳಿ.

ಬ್ಯಾಟೆ ಮಾಡೋರು
ಒಪ್ಪಿದೆ, ಅರ್ಧ ಸ್ಟ್ರೋಕ್ ಸರಿ. ಆದರೂ ವ್ಯಾಕ್ಯೂಮ್ ನಳಿಗೆ ಬೇಕೇ ಬೇಕು.

ಕಾಯಿಲ್ ಕಟ್ಟಪ್ಪ
ಟ್ಯಾಪ್‌ನ ಉದ್ದಕ್ಕೂ ಇರುವ ಕಾಲುವೆಗಳಲ್ಲಿ ದಪ್ಪ ಗ್ರೀಸ್ ತುಂಬಿ. ಒಂದು ಸುತ್ತು ಕತ್ತರಿಸಿ, ಪೂರ್ತಿ ಹೊರಗೆ ತೆಗೆದು, ಒರೆಸಿ, ಮತ್ತೆ ಗ್ರೀಸ್ ತುಂಬಿ, ಮತ್ತೆ ಒಂದು ಸುತ್ತು. ಬೇಜಾರು ಕೆಲಸ, ಆದರೆ ಹೀಗೆ ಮಾಡಿದರೆ ಚೂರು ಹೆಚ್ಚುಕಮ್ಮಿ ಎಲ್ಲ ಗ್ರೀಸ್‌ನಲ್ಲೇ ಬರುತ್ತೆ. ಮ್ಯಾಗ್ನೆಟ್ ನಂಬಬೇಡಿ, ಅಲ್ಯೂಮಿನಿಯಂ ಅದಕ್ಕೆ ಅಂಟೋಲ್ಲ. ಉಳಿದದ್ದಕ್ಕೆ ನಳಿಗೆ, ಕೊನೆಗೆ ಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ಪಿಸ್ಟನ್ ತಲೆ ಒತ್ತಿ ತೆಗೆದು ನೋಡಿ. ಕಡ್ಡಿಗೆ ಹೊಳಪು ಹತ್ತದೇ ಇರೋವರೆಗೆ ಬಿಡಬೇಡಿ.

ಎಲ್ಲ ಮುಗಿದ ಮೇಲೆ ಪ್ಲಗ್ ಹಾಕದೆ, ಇಗ್ನಿಷನ್ ಕಾಯಿಲ್‌ನ ವೈರ್ ಬಿಚ್ಚಿ ಅರ್ತ್ ಮಾಡಿ, ಸ್ಟಾರ್ಟರ್ ಒಂದೆರಡು ಸೆಕೆಂಡು ಹೊಡೀರಿ. ಕಾರ್ಬ್ಯುರೇಟರ್ ಗಾಡಿ, ತೂತಿನಿಂದ ಪೆಟ್ರೋಲ್ ಆವಿ ಬರುತ್ತೆ, ಹತ್ತಿರ ಕಿಡಿ ಆಗದಂತೆ ನೋಡಿಕೊಳ್ಳಿ.

ಹುಬ್ಳಿ ಗೇರ್‌ಬಾಕ್ಸ್
ಕಣ್ಣು ತೂತಿನ ನೇರಕ್ಕ ಇಡಬ್ಯಾಡ್ರಿ ಆ ಹೊತ್ತಿನಾಗ.

ಶೆಡ್ಡಲ್ಲಿ 800
ಬ್ರಾಕೆಟ್ ಬೋಲ್ಟ್ ಮೊದಲು ಮಾಡಿ ಕೈ ಕೂರಿಸಿಕೊಂಡು ಆಮೇಲೆ ಪ್ಲಗ್ ಮುಟ್ಟೋಣ ಅಂತ. ಎಂ8 ಹೆಲಿಕಾಯಿಲ್ ಹಂತ ಬಿಡಿಸಿ ಹೇಳಿದರೆ ಅನುಕೂಲ. ಡ್ರಿಲ್ ಮಷೀನ್ ಕೈಯದು, ಸ್ಟ್ಯಾಂಡ್ ಇಲ್ಲ.

ಲೇತ್ ಪಕ್ಕದವ
ತೂತು ನೆಟ್ಟಗೆ ಬರೋದೇ ಇಲ್ಲಿ ಮುಖ್ಯ. ಒಳ್ಳೇ ಬ್ರ್ಯಾಂಡ್ ಸುರುಳಿ ಓರೆ ತೂತಿನಲ್ಲಿ ಕೂತರೆ ಬೋಲ್ಟ್ ತಲೆಯ ಒಂದು ಅಂಚು ಮಾತ್ರ ತಾಗುತ್ತೆ. ಬೋಲ್ಟ್ ಬಾಗಿ ಎಳೆಯುತ್ತೆ, ಮತ್ತೆ ಸಡಿಲ ಆಗುತ್ತೆ.

ಸ್ಟ್ಯಾಂಡ್ ಇಲ್ಲ ಅಂದರೆ ಗೈಡ್ ಮಾಡಿಸಿ. 25 ಮಿ.ಮೀ. ದಪ್ಪದ ಕಬ್ಬಿಣದ ಎರಡು ತುಂಡು. ಒಂದರಲ್ಲಿ 8.3ರ ತೂತು, ಇನ್ನೊಂದರಲ್ಲಿ 9.7ರ ತೂತು, ಪಿಲ್ಲರ್ ಡ್ರಿಲ್‌ನಲ್ಲಿ ನೆಟ್ಟಗೆ ಹೊಡೆಸಿಕೊಳ್ಳಿ. ಮೊದಲನೆಯದು ಡ್ರಿಲ್‌ಗೆ, ಎರಡನೆಯದು ಟ್ಯಾಪ್‌ಗೆ. ಹೆಡ್‌ನ ಮಷೀನ್ ಆದ ಮುಖದ ಮೇಲೆ ಇಟ್ಟು ಕ್ಲ್ಯಾಂಪ್ ಮಾಡಿದರೆ ಓರೆ ಹೋಗೋಕೆ ಜಾಗವೇ ಇರೋಲ್ಲ.

ಸ್ಲಿಪ್ ಆದ ತೂತು ಆಗಲೇ ಹೆಚ್ಚುಕಮ್ಮಿ 8ಕ್ಕೆ ಬಂದಿರುತ್ತೆ. 8.3ರ ಡ್ರಿಲ್ ಅಂಚಿಗೆ ಸಿಗೋದು ಕೂದಲೆಳೆಯಷ್ಟು ಲೋಹ. ಮಷೀನ್‌ಗೆ ಹಾಕಿದರೆ ಡ್ರಿಲ್ ತಾನೇ ಕಚ್ಚಿಕೊಂಡು ಒಳಗೆ ಎಳೆದುಕೊಳ್ಳುತ್ತೆ, ತೂತು ಮೊಟ್ಟೆ ಆಕಾರ ಆಗುತ್ತೆ. ಆ ಡ್ರಿಲ್ಲನ್ನು ಟ್ಯಾಪ್ ಹ್ಯಾಂಡಲ್‌ಗೆ ಸಿಕ್ಕಿಸಿ ಕೈಯಲ್ಲೇ ತಿರುಗಿಸಿ. ಆಳಕ್ಕೆ ಟೇಪ್ ಸುತ್ತಿ ಗುರುತು ಮಾಡಿ, ಕುರುಡು ತೂತಿನ ತಳದ ಹಿಂದೆ ನೀರಿನ ದಾರಿ ಇರಬಹುದು, ತಳ ಕೊರೆಯಬೇಡಿ.

ಕಾಯಿಲ್ ಕಟ್ಟಪ್ಪ
ಮುಂದಿನದು ನಾನು ಹೇಳ್ತೀನಿ.

ಟ್ಯಾಪ್‌ಗೆ ಸೀಮೆಎಣ್ಣೆ ಅಥವಾ ಡಬ್ಲ್ಯೂಡಿ-40. ಅಲ್ಯೂಮಿನಿಯಂಗೆ ಇವು ಸಾಕು, ಒಣ ಟ್ಯಾಪ್ ಹೊಡೆದರೆ ಲೋಹ ಟ್ಯಾಪ್ ಹಲ್ಲಿಗೆ ಮೆತ್ತಿಕೊಂಡು ಥ್ರೆಡ್ ಹರಿಯುತ್ತೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಎರಡು ಸುತ್ತು ಹೋದ ಮೇಲೆ ಹ್ಯಾಂಡಲ್ ತೆಗೆದು ಸಣ್ಣ ಮೂಲೆಮಟ್ಟ ಇಟ್ಟು ಎರಡು ದಿಕ್ಕಿನಿಂದ ನೋಡಿ. ಆಗ ಓರೆ ಇದ್ದರೆ ತಿದ್ದಬಹುದು, ಆರು ಸುತ್ತು ಹೋದ ಮೇಲೆ ತಿದ್ದೋಕೆ ಹೋದರೆ ಟ್ಯಾಪ್ ಮುರಿಯುತ್ತೆ. ಕುರುಡು ತೂತಿಗೆ ಕೊನೆಯಲ್ಲಿ ತಳದವರೆಗೂ ಕತ್ತರಿಸುವ ಬಾಟಮಿಂಗ್ ಟ್ಯಾಪ್ ಬೇಕು. ಕಿಟ್‌ನಲ್ಲಿ ಬಂದಿರೋದು ಮೂತಿ ಚೂಪಿನದ್ದಾದರೆ ಕೊನೆಯ ಮೂರ್ನಾಲ್ಕು ಸುತ್ತು ಪೂರ್ತಿ ಬೀಳೋಲ್ಲ.

ತೂತಿಗೆ ಬ್ರೇಕ್ ಕ್ಲೀನರ್ ಹೊಡೆದು ಗಾಳಿ ಊದಿ, ಕಣ್ಣಿಗೆ ಕನ್ನಡಕ ಇರಲಿ.

ಈಗ ಸುರುಳಿ. ಒಂದು ತುದಿಯಲ್ಲಿ ಅಡ್ಡಕ್ಕೆ ಮಡಚಿದ ಕಡ್ಡಿ ಇರುತ್ತೆ, ಅದು ಕೆಳಗೆ. ಟೂಲ್‌ನ ಸಂದಿ ಆ ಕಡ್ಡಿಯನ್ನು ಹಿಡಿದು ಸುರುಳಿಯನ್ನು ಎಳೆದುಕೊಂಡು ಹೋಗುತ್ತೆ. ಮೇಲಿನಿಂದ ಒತ್ತಬಾರದು, ಬೆರಳಲ್ಲಿ ತಿರುಗಿಸಿದರೆ ತಾನೇ ಇಳಿಯುತ್ತೆ. ಒತ್ತಿದರೆ ಒಂದು ಸುತ್ತು ತನ್ನ ಥ್ರೆಡ್ ಸಂದಿ ಬಿಟ್ಟು ಪಕ್ಕದ ಸಂದಿಗೆ ಹಾರುತ್ತೆ. ಟಾರ್ಚ್ ಹಿಡಿದು ನೋಡಿ, ಸುತ್ತುಗಳ ನಡುವಿನ ಅಂತರ ಒಂದೇ ಸಮ ಕಾಣಬೇಕು. ಎಲ್ಲಾದರೂ ಎರಡು ತಂತಿ ಅಂಟಿಕೊಂಡು ಪಕ್ಕದಲ್ಲಿ ಅಗಲ ಸಂದಿ ಕಂಡರೆ ಹಾರಿದೆ ಅಂತ ಅರ್ಥ. ಹೊರಗೆ ತೆಗೆದು ಎಸೆದು ಹೊಸದು ಹಾಕಿ, ಎಳೆದ ಸುರುಳಿ ಮತ್ತೆ ಬಳಸಬಾರದು.

ಮೇಲಿನ ತುದಿ ಮುಖಕ್ಕಿಂತ ಕಾಲು ಪಿಚ್‌ನಿಂದ ಅರ್ಧ ಪಿಚ್ ಒಳಗೆ ನಿಲ್ಲಬೇಕು. ಆಮೇಲೆ ಕಡ್ಡಿ ಮುರಿಯೋದು. ಎಂ8ಕ್ಕೆ ಒಳಗೆ ಸಲೀಸಾಗಿ ಹೋಗುವ ಚಪ್ಪಟೆ ತುದಿಯ ಪಂಚ್ ಇಟ್ಟು ಒಂದೇ ಏಟು. ಹಗುರ ಏಟು ಹತ್ತು ಹೊಡೆದರೆ ಸುರುಳಿ ಕೆಳಗೆ ಸರಿಯುತ್ತೆ. ಬೋಲ್ಟ್ ಕಡ್ಡಿವರೆಗೆ ಇಳಿಯೋದಿಲ್ಲ ಅಂತಾದರೆ ಕುರುಡು ತೂತಿನಲ್ಲಿ ಮುರಿಯದೆ ಬಿಟ್ಟರೂ ನಡೆಯುತ್ತೆ. ಪ್ಲಗ್ ತೂತಿನಲ್ಲಿ ಮಾತ್ರ ಪಂಚ್ ಬೇಡ. ಉದ್ದ ಮೂತಿಯ ಇಕ್ಕಳದಲ್ಲಿ ಕಡ್ಡಿ ಹಿಡಿದು ಮೇಲೆ ಕೆಳಗೆ ಬಾಗಿಸಿ ಮುರಿದು ಹೊರಗೆ ತನ್ನಿ, ಕೈ ತಪ್ಪಿದರೆ ಪಿಸ್ಟನ್ ಮೇಲೆ ಬೀಳುತ್ತೆ.

ಶೆಡ್ಡಲ್ಲಿ 800
ಥ್ರೆಡ್‌ಲಾಕರ್ ಹಚ್ಚಬೇಕಾ ಸುರುಳಿ ಹೊರಮೈಗೆ?

ರಸ್ತೆ ಉಪ್ಪು
ಬ್ರಾಕೆಟ್‌ಗೆ ಅಗತ್ಯ ಇಲ್ಲ. ಪ್ಲಗ್ ಸುರುಳಿಗೆ ಹೆಚ್ಚು ಬಿಸಿ ತಡೆಯುವ ಥರದ್ದು ಒಂದು ಹನಿ, ಹೆಡ್‌ನ ಥ್ರೆಡ್‌ನ ಮೇಲ್ಭಾಗಕ್ಕೆ ಮಾತ್ರ. ಬಿಸಿ ತಡೆಯೋದು ಅಂದರೂ ಮಿತಿ 230 ಡಿಗ್ರಿ ಸೆಲ್ಸಿಯಸ್ ಆಸುಪಾಸು, ತಳದ ಸುತ್ತುಗಳಲ್ಲಿ ಅದು ಉಳಿಯೋದಿಲ್ಲ. ಒಳಮೈಗೆ ತಾಗಿದರೆ ಪ್ಲಗ್ಗೇ ಅಂಟಿಕೊಳ್ಳುತ್ತೆ. ಹಚ್ಚಿದ ಮೇಲೆ ರಾತ್ರಿಯಿಡೀ ಬಿಡಿ.

ಹೊಸಬ ಹೊಳೆನರಸೀಪುರ
ವಿಷಯ ಸ್ವಲ್ಪ ಬೇರೆ. ಆಯಿಲ್ ಡ್ರೈನ್ ಬೋಲ್ಟ್ ಸ್ಲಿಪ್ ಆದರೂ ಇದೇನಾ? ಓವರ್‌ಸೈಜ್ ಬೋಲ್ಟ್ ಸಿಗುತ್ತಲ್ಲ, ತಾನೇ ಥ್ರೆಡ್ ಕತ್ತರಿಸಿಕೊಂಡು ಹೋಗೋದು?

ಪಿಚ್ ಗೇಜ್
ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಯಾವುದರದ್ದು ನೋಡಿ. ತಗಡಿನ ಸಂಪ್ ಆದರೆ ಒಳಗೆ ನಟ್ ವೆಲ್ಡ್ ಮಾಡಿರ್ತಾರೆ. ಅದರ ಥ್ರೆಡ್ ಹೋದರೆ ಸಂಪ್ ಇಳಿಸಿ ಹೊಸ ನಟ್ ವೆಲ್ಡ್ ಮಾಡಿಸೋದು, ಇಲ್ಲ ಸಂಪ್ಪೇ ಬದಲಿಸೋದು. ಎರಕದ ಅಲ್ಯೂಮಿನಿಯಂ ಸಂಪ್ ಆದರೆ ಇನ್ಸರ್ಟ್ ಚೆನ್ನಾಗಿ ಕೂರುತ್ತೆ. ಓವರ್‌ಸೈಜ್ ಬೋಲ್ಟ್ ಒಂದು ಸಲಕ್ಕೆ ದಾರಿ ತೋರಿಸುತ್ತೆ ಅಷ್ಟೇ. ಅದು ಓರೆ ಕತ್ತರಿಸುತ್ತೆ, ಪ್ರತಿ ಆಯಿಲ್ ಬದಲಾವಣೆಗೂ ಇನ್ನಷ್ಟು ಕೆರೆಯುತ್ತೆ, ಅಲ್ಯೂಮಿನಿಯಂ ಸಂಪ್ ಸೀಳಿಸೋದೂ ಉಂಟು. ಇನ್ಸರ್ಟ್ ಹಾಕಿದ ಮೇಲೆ ಬೋಲ್ಟ್ ಹಾಕುವ ಮೊದಲು ಮೇಲಿನಿಂದ ಅರ್ಧ ಲೀಟರ್ ಅಗ್ಗದ ಆಯಿಲ್ ಸುರಿದು ಚೂರು ತೊಳೆದುಹೋಗೋಕೆ ಬಿಡಿ. ವಾಷರ್ ಹೊಸದು. ಹಳೇ ವಾಷರ್ ಸೋರುತ್ತೆ ಅಂತ ಬಿಗಿ ಮಾಡ್ತಾ ಹೋಗಿಯೇ ಎಷ್ಟೋ ಡ್ರೈನ್ ಥ್ರೆಡ್ ಹಾಳಾಗೋದು.

ಜೀಪಿನ ಜೀವ
ಹಳೇ ವಿಲ್ಲಿಸ್ ಮೂಲದ ಜೀಪ್, ಬಿಎಂಸಿ ಎಂಜಿನ್ನಿನ ಅಂಬಾಸಿಡರ್ ಇಟ್ಟವರು ಎಂ8 ಕಿಟ್ ತಗೊಂಡು ಹೋಗಬೇಡಿ. ಅಲ್ಲಿ ಇಂಚಿನ ಥ್ರೆಡ್. 5/16 ಬೋಲ್ಟ್‌ನ ವ್ಯಾಸ 7.94 ಮಿ.ಮೀ., ವರ್ನಿಯರ್‌ನಲ್ಲಿ ಎಂ8 ಥರವೇ ಕಾಣುತ್ತೆ. ಆದರೆ ಯುಎನ್‌ಎಫ್ ಅನ್ನೋ ಇಂಚಿನ ಸಣ್ಣ ಥ್ರೆಡ್‌ಗೆ ಇಂಚಿಗೆ 24 ಸುತ್ತು, ಅಂದರೆ ಪಿಚ್ 1.06. ಎಂ8 ಬೋಲ್ಟ್ ಬಾಯಲ್ಲಿ ಹಿಡಿದ ಹಾಗೆ ಮಾಡಿ ಅಲ್ಲೇ ಹರಿಯುತ್ತೆ.

ಪಿಚ್ ಗೇಜ್
ಮಿಲಿಮೀಟರ್‌ನಲ್ಲೂ ಇದೇ ತೊಂದರೆ. ಜಪಾನ್ ಮೂಲದ ಎಂಜಿನ್‌ಗಳಲ್ಲಿ ಎಂ10 ಬಹಳ ಕಡೆ 1.25 ಪಿಚ್, ಎಂ12ಕ್ಕೂ 1.25. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ10 ಕೊಡಿ ಅಂದರೆ 1.5 ಕೊಡ್ತಾರೆ, ಎಂ12ಕ್ಕೆ 1.75. ಹಳೇ ಬೋಲ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಎರಡರ ಥ್ರೆಡ್ ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿದು ನೋಡಿ. ತಲೆ ಮೇಲೆ 8.8 ಬರೆದಿರಬೇಕು. ಏನೂ ಬರೆಯದ ಬೋಲ್ಟ್ ಎಂಜಿನ್‌ಗೆ ಬೇಡ.

ತೀರದ ಕಾರ್ಬು
ಮುರಿದ ಬೋಲ್ಟ್ ಒಳಗೇ ಉಳಿದರೆ? ಮುರಿದ ತುಂಡು ತಿರುಗಿಸಿ ತೆಗೆಯುವ ಈಸಿ-ಔಟ್ ಬಗ್ಗೆ ಯಾರೂ ಮಾತಾಡಲಿಲ್ಲ.

ಹುಬ್ಳಿ ಗೇರ್‌ಬಾಕ್ಸ್
ಸಣ್ಣ ಈಸಿ-ಔಟ್ ಹಾಕಬ್ಯಾಡ್ರಿ. ಅದು ಭಾಳ ಗಡಸು, ಒಳಗ ಮುರೀತು ಅಂದ್ರ ಸಾದಾ ಡ್ರಿಲ್ ಅದನ್ನ ಮುಟ್ಟೂದಿಲ್ಲ. ಬೋಲ್ಟ್ ತುಂಡು ಮುಖಕ್ಕ ಸಮ ಇಲ್ಲ ಸ್ವಲ್ಪ ಮ್ಯಾಲೆ ಇದ್ರ ಅದರ ಮ್ಯಾಲೆ ನಟ್ ಇಟ್ಟು ನಟ್‌ನ ನಡುವ ವೆಲ್ಡ್ ತುಂಬಸ್ರಿ. ಎಂ6 ತುಂಡಿಗೆ ಎಂ8 ನಟ್ ಇಟ್ರ ಒಳಗ ವೆಲ್ಡ್ ಇಳಿಯಾಕ ಜಾಗ ಸಿಗ್ತೈತಿ. ಆ ಕಾವಿಗೆ ತುಕ್ಕಿನ ಹಿಡಿತ ಬಿಡ್ತೈತಿ. ಕೆಂಪು ಹೋದ ಮ್ಯಾಲೆ ಪಾನಾ ಹಾಕಿ ಹಿಂದ ಮುಂದ ಸಣ್ಣಗ ಅಲ್ಲಾಡಿಸ್ರಿ, ಒಂದ ದಿಕ್ಕಿಗೆ ಎಳೀಬ್ಯಾಡ್ರಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಎರಡೂ ವೈರ್ ಬಿಚ್ಚ್ರಿ, ಪೆಟ್ರೋಲ್ ಪೈಪ್ ದೂರ ಇರ್ಲಿ.

ಲೇತ್ ಪಕ್ಕದವ
ವೆಲ್ಡರ್ ಇಲ್ಲದವರಿಗೆ: ಸೆಂಟರ್ ಪಂಚ್ ನಿಖರವಾಗಿ ನಡುವೆ ಹೊಡೆದು, ಎಡಗೈ ಡ್ರಿಲ್ ಬಿಟ್ ಹಾಕಿ, ಮಷೀನ್ ಹಿಂದಕ್ಕೆ ಓಡಿಸಿ. ಡ್ರಿಲ್ ಕಚ್ಚಿದಾಗ ತುಂಡೇ ತಿರುಗಿ ಬರೋದುಂಟು. ಬಾರದಿದ್ದರೆ ಹೇಗಿದ್ದರೂ 8.3ಕ್ಕೆ ಡ್ರಿಲ್ ಮಾಡಿ ಇನ್ಸರ್ಟ್ ಹಾಕೋದೇ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ, ಹಾಗಾಗಿ ಸುತ್ತಲಿನ ಜಾಗ ಹೀಟ್ ಗನ್‌ನಲ್ಲಿ ಬಿಸಿ ಮಾಡಿದರೆ ತುಂಡು ಸಡಿಲ ಆಗುತ್ತೆ.

ಶೆಡ್ಡಲ್ಲಿ 800
ಕಿಟ್ ಎರಡೂ ಆರ್ಡರ್ ಹಾಕಿದೆ. ಪ್ಲಗ್‌ಗೆ ಕೆಳಗೆ 14ರ ಪೈಲಟ್ (ದಾರಿ ತೋರಿಸುವ ಮುಂಭಾಗ) ಇರುವ ಟ್ಯಾಪ್, 16.4ರ ಸುರುಳಿ. ಕೊನೇದು, ಟಾರ್ಕ್ ಎಷ್ಟು, ಪ್ಲಗ್ ಥ್ರೆಡ್‌ಗೆ ಆಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚೋದಾ?

ಕಾಯಿಲ್ ಕಟ್ಟಪ್ಪ
ಆಂಟಿಸೀಜ್ ಹಚ್ಚಿ, ಹೊಸ ಸುರುಳಿ ಎಳೆಯದೇ ಇರಲಿ.

ಪಿಚ್ ಗೇಜ್
ಒಪ್ಪೋಲ್ಲ. ಪ್ಲೇಟಿಂಗ್ ಇರುವ ಪ್ಲಗ್‌ಗೆ ಹಚ್ಚಬೇಡಿ ಅಂತ ಎನ್‌ಜಿಕೆಯವರೇ ಹೇಳ್ತಾರೆ. ಜಾರು ಜಾಸ್ತಿಯಾಗಿ ಅದೇ ಟಾರ್ಕ್‌ಗೆ ಥ್ರೆಡ್ ಮೇಲಿನ ಎಳೆತ ಏರುತ್ತೆ. ಅಲ್ಯೂಮಿನಿಯಂ ಹೆಡ್, 14 ಮಿ.ಮೀ. ವಾಷರ್ ಪ್ಲಗ್: ಒಣ ಥ್ರೆಡ್, 25 ನ್ಯೂಟನ್ ಮೀಟರ್. ರೆಂಚ್ ಕೂರದಿದ್ದರೆ ಕೈಯಲ್ಲಿ ವಾಷರ್ ತಾಗೋವರೆಗೆ, ಆಮೇಲೆ ಹೊಸ ವಾಷರ್‌ಗೆ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತು. ಎಂ8 ಬ್ರಾಕೆಟ್‌ಗೆ 20ರಿಂದ 25. ರೆಂಚ್ ಮೇಲೆ ಫುಟ್-ಪೌಂಡ್ ಗೀಟು ನೋಡಿಬಿಟ್ಟರೆ 25 ಅನ್ನೋದು 34 ನ್ಯೂಟನ್ ಮೀಟರ್ ಆಗಿಬಿಡುತ್ತೆ, ಅದನ್ನೊಂದು ನೋಡಿಕೊಳ್ಳಿ.

ಕಾಯಿಲ್ ಕಟ್ಟಪ್ಪ
ಪ್ಲೇಟಿಂಗ್ ಇಲ್ಲದ ಕಪ್ಪು ಪ್ಲಗ್ ಆದರೆ ಹಚ್ಚಿ ಟಾರ್ಕ್ ಮೂರನೇ ಒಂದು ಭಾಗ ಇಳಿಸೋದು ಅಂತ ನನ್ನ ಮಾತು. ಬೆಳ್ಳಿ ಬಣ್ಣದ್ದಕ್ಕೆ ಪಿಚ್ ಗೇಜ್ ಹೇಳಿದ್ದೇ ಇರಲಿ.

ಬ್ಯಾಟೆ ಮಾಡೋರು
ಸ್ಟಾರ್ಟ್ ಮಾಡಿ ಪ್ಲಗ್ ಬುಡಕ್ಕೆ ಸೋಪಿನ ನೀರು ಒಂದೆರಡು ಹನಿ ಬಿಡಿ, ಎಂಜಿನ್ ತಣ್ಣಗಿರುವಾಗಲೇ. ಗುಳ್ಳೆ ಎದ್ದರೆ ಸೀಟ್ ಸರಿ ಕೂತಿಲ್ಲ. ಮೂರೂ ಸಿಲಿಂಡರ್ ಕಂಪ್ರೆಷನ್ ಅಳೆದು ಎರಡನೆಯದು ಉಳಿದೆರಡರ ಹತ್ತಿರ ಇದೆಯಾ ನೋಡಿ. ಮುಂದೆ ಯಾವಾಗ ಬಿಚ್ಚಿದರೂ ಹೆಡ್ ಪೂರ್ತಿ ಆರಿದ ಮೇಲೇ, ಕಾಲು ಸುತ್ತು ಸಡಿಲ ಮಾಡಿ ಬುಡಕ್ಕೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಕಾದು, ಆಮೇಲೆ ಹಿಂದೆ ಮುಂದೆ ಆಡಿಸಿಕೊಂಡು ತೆಗೆಯಿರಿ.

ಹುಬ್ಳಿ ಗೇರ್‌ಬಾಕ್ಸ್
ಟ್ಯಾಪ್ ಇಳಸೂ ಮುಂಚೆ ಪೈಲಟ್ ಹಳೇ ಥ್ರೆಡ್ಡಿಗೆ ಎಷ್ಟು ಸುತ್ತು ಹಿಡೀತೈತಿ ನೋಡ್ರಿ. ಎರಡಕ್ಕಿಂತ ಕಡಿಮಿ ಇದ್ರ ಅದು ದಾರಿ ತೋರ್ಸೂದಿಲ್ಲ. ಅವಾಗ ಪ್ಲಗ್ಗಿಗೂ ಗೈಡ್ ಮಾಡಸ್ರಿ.